ಬೈರಪ್ಪನ ಎಡಗಾಲು

ಗಂಗಾಧರಯ್ಯನವರು ಹೃದಯಾಘಾತದಿಂದ ತೀರಿಕೊಂಡ ದಿನ ಚಾಮರಾಜಪೇಟೆಯ ಅವರ ಮನೆಯ ಮುಂದೆ ಶಾಮಿಯಾನ ಹಾಕಿಸಿದ್ದು, ಕುರ್ಚಿ ಕಳಿಸಿದ್ದು, ಬಂದವರಿಗೆ ನೀರಿನ ಡ್ರಮ್ಮು ಇಡಿಸಿದ್ದು ಎಲ್ಲ ದೊಡ್ಡಬೈರಪ್ಪನೇ. ತೀರಿಕೊಂಡವರು ಅವನ ಅಕ್ಕ ಮುನಿಯಮ್ಮನ ಗಂಡ. ಹನುಮಂತನಗರದಲ್ಲಿ ಬೈರಪ್ಪನಿಗೆ ಶಾಮಿಯಾನ, ಪಾತ್ರೆ ಬಾಡಿಗೆಗೆ ಕೊಡುವ ಅಂಗಡಿಯಿತ್ತು. ಆ ಕಸುಬು ಕಲಿಸಿದವರೂ ಈ ಭಾವನೇ. ಮಾಗಡಿ ಕಡೆಯ ಹಳ್ಳಿಯಲ್ಲಿ ತಾಯಿ ಸತ್ತ ಮೇಲೆ, ಇನ್ನೂ ಚಡ್ಡಿ ಹಾಕುತ್ತಿದ್ದ ಬೈರನನ್ನು ಅಕ್ಕ ತನ್ನ ಹಿಂದೆ ಕರೆದುಕೊಂಡು ಬಂದಾಗ, ಹೊಸದಾಗಿ ಮದುವೆಯಾಗಿದ್ದ ಗಂಗಾಧರಯ್ಯ ಒಂದು ಮಾತೂ ಎತ್ತದೆ ಒಳಗೆ ಬಿಟ್ಟುಕೊಂಡಿದ್ದರು. ಗೂಟ ಹೊಡೆಯುವುದು, ಹಗ್ಗ ಬಿಗಿಯುವುದು, ಐನೂರು ಜನರ ಊಟಕ್ಕೆ ಎಷ್ಟು ದೊಡ್ಡ ಕೊಳಗ ಬೇಕು ಎಂದು ಕಣ್ಣಳತೆಯಲ್ಲಿ ಹೇಳುವುದು, ಎಲ್ಲ ಅವರ ಹಿಂದೆ ತಿರುಗಿಯೇ ಬಂದ ವಿದ್ಯೆ.

ನಡುವೆ ಒಂದು ಮನಸ್ತಾಪ ಆಗಿದ್ದೂ ಉಂಟು. ಮದುವೆಯಾದ ಮೇಲೆ ಬೈರಪ್ಪ ಹನುಮಂತನಗರದಲ್ಲಿ ತನ್ನದೇ ಅಂಗಡಿ ಇಟ್ಟಾಗ ಭಾವ ಮುನಿಸಿಕೊಂಡು ಎರಡು ದೀಪಾವಳಿಗೆ ಕರೆದಿರಲಿಲ್ಲ. ಆಮೇಲೆ ಅದು ತಾನಾಗಿಯೇ ಕರಗಿತು. ಅಕ್ಕನಿಗೆ ತಡವಾಗಿ ಹುಟ್ಟಿದ ಮಗ ಸ್ವರೂಪನ ನಾಮಕರಣಕ್ಕೆ ಶಾಮಿಯಾನ ಹಾಕಿದ್ದು ಬೈರಪ್ಪನೇ. ಆದರೆ ನೆಂಟರಿಗೆ ಜಗಳ ಜ್ಞಾಪಕ ಇರುವಷ್ಟು ರಾಜಿ ಜ್ಞಾಪಕ ಇರುವುದಿಲ್ಲವಲ್ಲ.

ಸ್ಮಶಾನ ದೂರವೇನೂ ಇರಲಿಲ್ಲ. ವ್ಯಾನು ಬೇಡ, ಹೆಗಲ ಮೇಲೇ ಹೋಗಲಿ ಎಂದು ಹಿರಿಯರು ಹೇಳಿದರು. ಸ್ವರೂಪ ಬೆಂಕಿಯ ಮಡಕೆ ಹಿಡಿದು ಮುಂದೆ ನಿಂತ. "ಮುಂದ್ಲ ಎಡಗಡೆ ನಂಗೆ ಬಿಡ್ರಪ್ಪ" ಎಂದು ಬೈರಪ್ಪ ಚಟ್ಟಕ್ಕೆ ಹೆಗಲು ಕೊಟ್ಟ.

ಮೊದಲ ಅಡ್ಡರಸ್ತೆ ದಾಟುವವರೆಗೂ ಏನೂ ಆಗಲಿಲ್ಲ. ತಮಟೆಯವರು ಮುಂದೆ ಬಾರಿಸುತ್ತಿದ್ದರು, ಯಾರೋ ಹೂವು, ಪುರಿ ಎರಚುತ್ತಿದ್ದರು. ಆಮೇಲೆ ಎಡಗಾಲಿನ ಮೀನಖಂಡದಲ್ಲಿ ಅದು ಶುರುವಾಯಿತು. ಮೊದಲು ಒಂದು ಬಿಗಿತ. ನಂತರ ಒಳಗೆ ಯಾರೋ ಒದ್ದೆ ಬಟ್ಟೆ ಹಿಂಡುತ್ತಿದ್ದಾರೆ ಎನ್ನುವಂಥ ನೋವು. ಇದು ಅವನಿಗೆ ಹೊಸದಲ್ಲ. ಯುಗಾದಿಯ ಆಚೀಚೆಯಿಂದಲೂ ಬರುತ್ತಿತ್ತು. ಗಾಂಧಿ ಬಜಾರಿನಲ್ಲಿ ನಡೆಯುವಾಗ ನೋವು ಬಂದರೆ ಹೂವಿನ ಅಂಗಡಿ ಮುಂದೆ ನಿಂತು ಬೇಡದಿದ್ದರೂ ಸೇವಂತಿಗೆ ರೇಟು ಕೇಳುತ್ತಿದ್ದ, ಮಾವಿನಹಣ್ಣು ಎತ್ತಿ ಮೂಸುತ್ತಿದ್ದ. ಅಷ್ಟರಲ್ಲಿ ನೋವು ಇಳಿಯುತ್ತಿತ್ತು, ಮತ್ತೆ ಹೊರಡುತ್ತಿದ್ದ. ಹೆಂಡತಿ ಹೊಂಬಾಳಮ್ಮ "ಈ ಮನುಷ್ಯನಿಗೆ ವಯಸ್ಸಾಗ್ತಾ ಆಗ್ತಾ ಸಂತೆ ಚಪಲ ಜಾಸ್ತಿ ಆಯ್ತು" ಎಂದು ನಗುತ್ತಿದ್ದಳು. ಅವನೂ ನಗುತ್ತಿದ್ದ.

ಆದರೆ ಹೆಗಲ ಮೇಲೆ ಹೆಣ ಇಟ್ಟುಕೊಂಡು ಯಾವ ಅಂಗಡಿ ಮುಂದೆ ನಿಲ್ಲುವುದು? ಹಲ್ಲು ಕಚ್ಚಿಕೊಂಡು ಇನ್ನೊಂದಿಷ್ಟು ನಡೆದ. ಕಾಲು ತನ್ನದಲ್ಲ ಎನ್ನಿಸತೊಡಗಿತು. ಹೆಜ್ಜೆ ತಪ್ಪಿ ಚಟ್ಟ ಒಂದು ಕಡೆ ವಾಲಿತು. ಹಿಂದಿದ್ದವರು "ಸಮ ಹಿಡೀರಿ, ಸಮ ಹಿಡೀರಿ" ಎಂದರು. ಎಲ್ಲಿ ಭಾವನನ್ನು ಬೀದಿಯಲ್ಲಿ ಕೆಡವಿಬಿಡುತ್ತೇನೋ ಎಂದು ಅವನು ಹೆದರಿದ. ಪಕ್ಕದಲ್ಲಿ ನಡೆಯುತ್ತಿದ್ದ ನೆರೆಮನೆಯ ಬಸವಪ್ರಭುವಿಗೆ "ಒಸಿ ಹಿಡ್ಕಳಪ್ಪ" ಎಂದು ಹೆಗಲು ಬದಲಾಯಿಸಿ, ರಸ್ತೆಯ ಬದಿಗೆ ಸರಿದು, ಮುಚ್ಚಿದ್ದ ಒಂದು ಅಂಗಡಿಯ ಶಟರಿಗೆ ಬೆನ್ನು ಕೊಟ್ಟು ನಿಂತ. ಮೆರವಣಿಗೆ ಅವನನ್ನು ದಾಟಿಕೊಂಡು ಹೋಯಿತು. ದಾಟುವಾಗ ಕೆಲವರು ಅವನ ಮುಖ ನೋಡಿದರು.

ಸ್ವಲ್ಪ ಹೊತ್ತಿಗೆ ನೋವು ಹೇಳಹೆಸರಿಲ್ಲದೆ ಹೋಯಿತು. ಅದೇ ಅವನನ್ನು ಹೆದರಿಸುತ್ತಿದ್ದದ್ದು. ಊತವಿಲ್ಲ, ಗಾಯವಿಲ್ಲ, ಒತ್ತಿದರೆ ನೋಯುವುದಿಲ್ಲ. ಯಾರಿಗಾದರೂ ತೋರಿಸಬೇಕೆಂದರೆ ತೋರಿಸಲು ಅಲ್ಲಿ ಏನೂ ಇರುತ್ತಿರಲಿಲ್ಲ. ಅವಸರವಾಗಿ ಹಿಂದೆ ಹೊರಟ, ಅವಸರಪಟ್ಟಿದ್ದಕ್ಕೆ ಇನ್ನೂ ಬೇಗ ಹಿಡಿದುಕೊಂಡಿತು. ಕೊನೆಗೆ ಆಟೋ ಹತ್ತಿ ಹೋಗುವಷ್ಟರಲ್ಲಿ ಚಿತೆಗೆ ಬೆಂಕಿ ಬಿದ್ದಾಗಿತ್ತು. ತಲೆ ಬೋಳಿಸಿಕೊಂಡು ನಿಂತಿದ್ದ ಸ್ವರೂಪ, ಆಟೋದಿಂದ ಇಳಿಯುತ್ತಿದ್ದ ಸೋದರಮಾವನನ್ನು ನೋಡಿ ಮುಖ ತಿರುಗಿಸಿದ.

ಹನ್ನೊಂದನೇ ದಿನದ ತಿಥಿಗೆ ಪಾತ್ರೆಯೆಲ್ಲ ಬೈರಪ್ಪನ ಅಂಗಡಿಯಿಂದಲೇ ಬಂತು. ಊಟವಾದ ಮೇಲೆ ಅಕ್ಕನ ಎದುರು ಹೋಗಿ ಕೂತ. ಮುನಿಯಮ್ಮ ಅವನತ್ತ ತಿರುಗಿದಳು.

"ಅವ್ರ ಮೇಲಿನ ಸಿಟ್ಟು ಹೆಗಲು ಕೊಡೋ ಹೊತ್ನಲ್ಲೂ ಇಳೀಲಿಲ್ವೇನೋ ಬೈರ?" ಎಂದಳು.

"ಹಂಗಲ್ಲ ಕಣಕ್ಕ."

"ಮತ್ತೆ ಹೆಂಗೆ?"

ಗಂಡನನ್ನು ಕಳೆದುಕೊಂಡವಳ ಮುಂದೆ ಕೂತು ನನಗೆ ಕಾಲುನೋವು ಎನ್ನುವುದೇ? ಅದೂ ಈಗ ಇಲ್ಲದ ನೋವು. ಅವನು ಎದ್ದು ಬಂದುಬಿಟ್ಟ.

ಅಲ್ಲಿಂದ ಬೈರಪ್ಪ ನಡೆಯುವುದನ್ನೇ ಬಿಟ್ಟ. ಅಂಗಡಿಯನ್ನು ಮಗ ಲಿಖಿತ್ ನೋಡಿಕೊಳ್ಳುತ್ತಿದ್ದ. ಇವನು ಬೀದಿ ಕೊನೆಯ ಹಾಲಿನ ಬೂತಿಗೂ ಸ್ಕೂಟರ್ ತೆಗೆಯುತ್ತಿದ್ದ, ಮಿಕ್ಕ ಹೊತ್ತೆಲ್ಲ ಗಲ್ಲಾ ಪಕ್ಕ ಕೂತು ಸಿಗರೇಟು ಸೇದುತ್ತಿದ್ದ. ನೋಯುತ್ತದೆಂದು ನಡೆಯುವುದು ಬಿಟ್ಟ. ಬಿಟ್ಟಿದ್ದಕ್ಕೆ ಕಾಲು ಇನ್ನೂ ಬೇಗ ನೋಯತೊಡಗಿತು. ಮೊದಲು ಗಾಂಧಿ ಬಜಾರಿನ ಅರ್ಧ ದಾಟಿದ ಮೇಲೆ ಬರುತ್ತಿದ್ದ ನೋವು ಈಗ ಗೋಡೌನಿನೊಳಗೆ ಈ ತುದಿಯಿಂದ ಆ ತುದಿಗೆ ಹೋಗಿಬರುವುದರಲ್ಲೇ ಬರುತ್ತಿತ್ತು. ಮನಸ್ಸಿನ ಒಂದು ಮೂಲೆಯಲ್ಲಿ ಅವನಿಗೆ ಬೇರೆಯೇ ಅನುಮಾನ ಹೊಕ್ಕಿತ್ತು. ಬಹುಶಃ ಅಕ್ಕ ಹೇಳಿದ್ದೇ ನಿಜವೇನೋ. ನನಗೇ ಗೊತ್ತಿಲ್ಲದ ಹಾಗೆ ಒಳಗೆ ಸಿಟ್ಟು ಉಳಿದಿತ್ತೇನೋ, ಅದೇ ಕಾಲು ಹಿಡಿದು ನಿಲ್ಲಿಸಿತೇನೋ. ಇದನ್ನು ಯಾರ ಹತ್ತಿರ ಕೇಳುವುದು?

ದೀಪಾವಳಿಯ ನೀರು ತುಂಬುವ ಹಬ್ಬದ ಮಾರನೆ ಬೆಳಗ್ಗೆ ಹೊಂಬಾಳಮ್ಮ ಗಂಡನನ್ನು ಮಣೆಯ ಮೇಲೆ ಕೂರಿಸಿ ಎಣ್ಣೆ ಹಚ್ಚಿದಳು. ತಲೆಗೆ, ಬೆನ್ನಿಗೆ ಹಚ್ಚಿ, ಕಾಲಿಗೆ ಬಂದವಳು ಕೈ ನಿಲ್ಲಿಸಿದಳು. ಬಲಗಾಲು ಮುಟ್ಟಿದಳು. ಎಡಗಾಲು ಮುಟ್ಟಿದಳು. ಮತ್ತೆ ಬಲಗಾಲು.

"ಏನ್ರೀ ಇದು? ಈ ಪಾದ ಇಷ್ಟು ತಣ್ಣಗೈತೆ?"

"ಚಳಿ ಕಣೆ."

"ಚಳಿ ಒಂದೇ ಕಾಲಿಗೆ ಬತ್ತದಾ?" ಅವಳು ದೀಪದ ಬೆಳಕಿಗೆ ಬಗ್ಗಿ ನೋಡಿದಳು. ಎಡ ಮೊಣಕಾಲಿನ ಕೆಳಗೆ ರೋಮವೆಲ್ಲ ಉದುರಿ ಚರ್ಮ ನುಣ್ಣಗೆ ಮಿಂಚುತ್ತಿತ್ತು. ಮೀನಖಂಡ ಬಲಗಡೆಗಿಂತ ಸೊರಗಿತ್ತು. ಹೆಬ್ಬೆರಳಿನ ಉಗುರು ದಪ್ಪಗೆ ಹಳದಿಯಾಗಿತ್ತು. ಸ್ನಾನ ಮಾಡಿಸಿ, ಒಬ್ಬಟ್ಟು ಬಡಿಸಿ, ಹಬ್ಬ ಮುಗಿದ ಮಾರನೇ ದಿನ ಲಿಖಿತ್‌ಗೆ ಹೇಳಿ ರಕ್ತನಾಳದ ಡಾಕ್ಟರೊಬ್ಬರ ಹತ್ತಿರ ಹೆಸರು ಬರೆಸಿದಳು.

ಡಾಕ್ಟರ್ ಶ್ರೀಹರಿ ಮಾತು ಕಮ್ಮಿಯ ಮನುಷ್ಯ. ಬೈರಪ್ಪನನ್ನು ಮಲಗಿಸಿ ತೊಡೆಯ ಸಂದು, ಮೊಣಕಾಲಿನ ಹಿಂದೆ, ಪಾದದ ಮೇಲೆ ಎಲ್ಲ ಬೆರಳಿಟ್ಟು ನಾಡಿ ಹುಡುಕಿದರು. ಎಡಪಾದದ ಮೇಲೆ ಬಹಳ ಹೊತ್ತು ಹುಡುಕಿದರು. ಆಮೇಲೆ ಬಿಪಿ ನೋಡುವ ಪಟ್ಟಿಯನ್ನು ತೋಳಿಗೆ ಸುತ್ತಿ ನೋಡಿದವರು, ಅದನ್ನೇ ಪಾದದ ಮೇಲುಗಡೆ ಹರಡಿಗೆ ಸುತ್ತಿ, ಪಾದಕ್ಕೆ ಪೆನ್ನಿನಂಥ ಒಂದು ಯಂತ್ರ ಒತ್ತಿ ಹಿಡಿದು ನೋಡಿದರು. ಬಲಗಾಲಿನಲ್ಲಿ ಆ ಯಂತ್ರ ಸರಾಗವಾಗಿ ಉಸಿರಾಡುವ ಹಾಗೆ ಸದ್ದು ಮಾಡಿತು. ಎಡಗಾಲಿನಲ್ಲಿ ಸದ್ದು ಮಂಕಾಗಿ, ದೂರದಿಂದ ಬಂದ ಹಾಗೆ ಕೇಳಿತು.

"ಕೈಯಲ್ಲಿರೋ ಒತ್ತಡದ ಅರ್ಧಕ್ಕಿಂತ ಒಂಚೂರು ಜಾಸ್ತಿ ಇದೆ ಅಷ್ಟೆ, ಈ ಕಾಲಲ್ಲಿ" ಎಂದರು. "ತೊಡೆಯಲ್ಲಿ ರಕ್ತನಾಳ ಕಟ್ಟಿಕೊಂಡು ಸಣ್ಣದಾಗಿದೆ. ಕೂತಿದ್ದಾಗ ಕಾಲಿಗೆ ಬೇಕಾಗೋ ರಕ್ತ ಸ್ವಲ್ಪಾನೇ, ಅದು ಹೇಗೋ ಹೋಗುತ್ತೆ. ನಡೆಯೋಕೆ ಶುರು ಮಾಡಿದ್ರೆ ಮೀನಖಂಡ ಎಷ್ಟೋ ಪಟ್ಟು ಜಾಸ್ತಿ ಕೇಳುತ್ತೆ. ಆರೋಗ್ಯವಾಗಿರೋ ರಕ್ತನಾಳ ಆವಾಗ ಹಿಗ್ಗಿ ಕೊಡುತ್ತೆ. ನಿಮ್ಮದು ಹಿಗ್ಗಲ್ಲ. ಸ್ನಾಯು ಉಸಿರಿಲ್ಲದೆ ಒದ್ದಾಡುತ್ತೆ. ಆ ಒದ್ದಾಟವೇ ನಿಮ್ಮ ನೋವು. ನಿಂತ್ರೆ ಕೆಲಸ ನಿಲ್ಲುತ್ತೆ, ನೋವೂ ನಿಲ್ಲುತ್ತೆ."

ಬೈರಪ್ಪ ಎದ್ದು ಕೂತ. "ಹಂಗಾರೆ ಇದು ಮನಸ್ಸಿಂದ ಬಂದದ್ದಲ್ವಾ, ಸಾರ್?"

"ಮನಸ್ಸಿಂದ ಅಂತ ಯಾರು ಹೇಳಿದ್ರು?"

ಬೈರಪ್ಪ ಪಂಚೆ ಸರಿಮಾಡಿಕೊಳ್ಳುವ ನೆಪದಲ್ಲಿ ತಲೆ ತಗ್ಗಿಸಿದ. ಅವನ ಕಣ್ಣು ತುಂಬಿದ್ದನ್ನು ಹೊಂಬಾಳಮ್ಮ ನೋಡಿದಳು. ಕಾಲಿನ ರಕ್ತನಾಳ ಕಟ್ಟಿದೆ ಎಂದಿದ್ದಕ್ಕೆ ಈ ಮನುಷ್ಯನಿಗೆ ಯಾಕೆ ಸಮಾಧಾನವಾಗುತ್ತಿದೆ ಎಂದು ಅವಳಿಗೆ ಅರ್ಥವಾಗಲಿಲ್ಲ. ಆಟೋದಲ್ಲಿ ವಾಪಸು ಬರುವಾಗ ಅವನು ಸ್ಮಶಾನದ ದಾರಿಯಲ್ಲಿ ಆದದ್ದನ್ನೆಲ್ಲ ಮೊದಲ ಸಲ ಅವಳಿಗೆ ಹೇಳಿದ. ಅವಳು ಅವನ ಕೈ ಹಿಡಿದುಕೊಂಡು, ಮನೆ ಬರುವವರೆಗೂ ಬಿಡಲಿಲ್ಲ.

ಡಾಕ್ಟರು ಮಾತ್ರೆ ಬರೆದುಕೊಟ್ಟಿದ್ದರು. ಸಿಗರೇಟು ಅವತ್ತಿನಿಂದಲೇ ನಿಲ್ಲಬೇಕು, ಇಲ್ಲದಿದ್ದರೆ ಮುಂದೆ ಬೆರಳು, ಪಾದ ಹೋಗುವ ಕಾಲವೂ ಬರಬಹುದು ಎಂದಿದ್ದರು. ಕೊನೆಯಲ್ಲಿ ಹೇಳಿದ್ದು ಮಾತ್ರ ಬೈರಪ್ಪನಿಗೆ ವಿಚಿತ್ರವಾಗಿ ಕಂಡಿತ್ತು. ನಡೆಯಬೇಕು. ನೋವು ಬರುವ ತನಕ ನಡೆಯಬೇಕು. ಹೇಗೆಂದು ತೋರಿಸಲು ಆಸ್ಪತ್ರೆಯಲ್ಲೇ ಬಿಂದು ಎನ್ನುವ ಫಿಸಿಯೋಥೆರಪಿಸ್ಟ್ ಇದ್ದಳು.

ಬಿಂದು ಅವನನ್ನು ಟ್ರೆಡ್‌ಮಿಲ್ ಮೇಲೆ ನಿಲ್ಲಿಸಿ ನಿಧಾನಕ್ಕೆ ಶುರು ಮಾಡಿದಳು. "ನೋವು ಬಂದ್ರೆ ಹೇಳಿ ಅಂಕಲ್."

ನೋವು ಬಂತು. ಬೈರಪ್ಪ ಹೇಳಲಿಲ್ಲ. ಕಂಬಿ ಗಟ್ಟಿಯಾಗಿ ಹಿಡಿದು ಎದುರಿನ ಗೋಡೆ ನೋಡುತ್ತ ನಡೆದ. ಅವಳು ಮಿಷನ್ ನಿಲ್ಲಿಸಿದಳು.

"ನೋವು ಬಂದು ಆಗ್ಲೇ ಹೊತ್ತಾಯ್ತು ಅಲ್ವಾ? ಕಾಲು ಎಳೀತಿದೀರ."

"ತಡ್ಕಳಾನ ಅಂತ."

"ತಡ್ಕೊಳ್ಳೋ ಪರೀಕ್ಷೆ ಅಲ್ಲ ಇದು. ನೀವು ಹೇಳದಿದ್ರೆ ನಂಗೆ ಗೊತ್ತಾಗಲ್ಲ. ಸ್ವಲ್ಪ ನೋವಲ್ಲ, ಪ್ರಾಣ ಹೋಗೋ ನೋವೂ ಅಲ್ಲ, ನಡುವಿಂದು. ಅಲ್ಲಿಗೆ ಬಂದಾಗ ಹೇಳಿ ಕೂತ್ಕೋಬೇಕು. ಪೂರ್ತಿ ಇಳಿದ ಮೇಲೆ ಮತ್ತೆ ಏಳ್ಬೇಕು."

ಕೂತಾಗ ಅವನು ಕೇಳಿದ. "ನಡೆದ್ರೆ ನೋವು ಅಂತೀರಿ, ನೋವಿಗೆ ನಡೀ ಅಂತೀರಿ. ಕಟ್ಟಿರೋದು ಬಿಚ್ಕತದಾ ಇದ್ರಿಂದ?"

ಬಿಂದು ಸುಳ್ಳು ಹೇಳಲಿಲ್ಲ. "ಇಲ್ಲ. ಕಟ್ಟಿರೋದು ಹಂಗೇ ಇರುತ್ತೆ. ಅಕ್ಕಪಕ್ಕದ ಸಣ್ಣ ನಾಳಗಳು ಸ್ವಲ್ಪ ಹಿಗ್ಗೋಕೆ ಕಲೀತವೆ. ಆದ್ರೆ ಜಾಸ್ತಿ ಬದಲಾಗೋದು ಸ್ನಾಯು. ಬರೋ ರಕ್ತ ಅಷ್ಟೇ ಇದ್ರೂ ಅದರಿಂದ ಹೆಚ್ಚು ಎಳ್ಕೊಳ್ಳೋದು, ಕಮ್ಮೀಲಿ ಹೆಚ್ಚು ಕೆಲಸ ಮಾಡೋದು ಅದಕ್ಕೆ ಅಭ್ಯಾಸ ಆಗುತ್ತೆ. ಕಷ್ಟ ಕೊಟ್ಟು, ಬಿಟ್ಟು, ಮತ್ತೆ ಕೊಟ್ರೆನೇ ಅದು ಕಲಿಯೋದು. ಸುಮ್ನೆ ಕೂರ್ಸಿದ್ರೆ ಇರೋದನ್ನೂ ಮರ್ತುಬಿಡುತ್ತೆ."

"ಸುಮ್ನೆ ಕೂರ್ಸಿದ್ದೆ ಕಣಮ್ಮ, ಇಷ್ಟು ದಿನ" ಎಂದ ಬೈರಪ್ಪ.

ಶುರುವಿನ ವಾರಗಳು ಸಲೀಸಾಗಿರಲಿಲ್ಲ. ಸಿಗರೇಟಿಲ್ಲದೆ ಬೈರಪ್ಪನಿಗೆ ಸಣ್ಣಸಣ್ಣದಕ್ಕೂ ರೇಗುತ್ತಿತ್ತು. ಒಂದು ಮಧ್ಯಾಹ್ನ ಲಿಖಿತ್ ಮೇಲೆ ಕೂಗಾಡಿ, ಅಂಗಡಿ ಹಿಂದೆ ಹೋಗಿ ಒಂದು ಸಿಗರೇಟು ಹಚ್ಚಿ, ಎರಡು ದಮ್ಮು ಎಳೆದು, ತನ್ನ ಮೇಲೇ ಹೇಸಿಗೆಯಾಗಿ ಹೊಸಕಿ ಹಾಕಿದ. ನಡಿಗೆಯಲ್ಲಿ ಏನೂ ಹೆಚ್ಚಳ ಕಾಣುತ್ತಿರಲಿಲ್ಲ. ರಾಮಾಂಜನೇಯ ಗುಡ್ಡದ ಬುಡದಿಂದ ಹೊರಟರೆ ಅದೇ ಹೋಟೆಲಿನ ಎದುರು ನೋವು, ಅದೇ ಕಟ್ಟೆಯ ಮೇಲೆ ಕೂರುವುದು. ಒಂದು ಸಂಜೆ ಕೂತವನು ಏಳಲೇ ಇಲ್ಲ. ಜೊತೆಯಲ್ಲಿದ್ದ ಹೊಂಬಾಳಮ್ಮ ಪಕ್ಕದಲ್ಲಿ ಕೂತು, ತರಕಾರಿ ಚೀಲ ತೊಡೆಯ ಮೇಲಿಟ್ಟುಕೊಂಡು, ಮನೆಯ ವಿಷಯ, ಪಕ್ಕದ ಮನೆಯವರ ವಿಷಯ ಮಾತಾಡುತ್ತಲೇ ಇದ್ದಳು. ಏಳಿ ಎಂದು ಹೇಳಲಿಲ್ಲ. ಬೀದಿದೀಪ ಹತ್ತಿದ ಮೇಲೆ ಅವನೇ ಎದ್ದ.

ಸಂಕ್ರಾಂತಿ ಕಳೆದ ಮೇಲೆ ಒಂದು ದಿನ ಆ ಹೋಟೆಲು ದಾಟಿ ಎಷ್ಟೋ ಮುಂದೆ ಬಂದಿದ್ದೇನೆಂದು ಅವನಿಗೆ ತಟ್ಟನೆ ಹೊಳೆಯಿತು. ನೋವು ಬಂದಿರಲಿಲ್ಲವೆಂದಲ್ಲ. ತಡವಾಗಿ ಬಂದಿತ್ತು, ಬಂದದ್ದೂ ಬೇಗ ಇಳಿದಿತ್ತು. ಆಮೇಲೆ ನೋವು ಬರುವ ಜಾಗ ಮುಂದೆ ಮುಂದೆ ಸರಿಯುತ್ತ ಹೋಯಿತು. ಬುಲ್ ಟೆಂಪಲ್ ರಸ್ತೆಗೆ ಬಂದ. ಕೆಲವು ವಾರದ ನಂತರ ರಾಮಕೃಷ್ಣ ಆಶ್ರಮ ದಾಟಿದ. ಯಾರೂ ಹೇಳದಿದ್ದರೂ ಅವನ ಹೆಜ್ಜೆ ಚಾಮರಾಜಪೇಟೆಯ ಕಡೆಗೇ ತಿರುಗುತ್ತಿತ್ತು. ಹೊಂಬಾಳಮ್ಮ ಅದನ್ನು ಗಮನಿಸಿ, "ಇನ್ಮೇಲೆ ನೀವೊಬ್ರೇ ಹೋಗ್ಬನ್ನಿ" ಎಂದು ಮನೆಯಲ್ಲಿ ಉಳಿದಳು.

ಉಮಾ ಟಾಕೀಸಿನ ಹತ್ತಿರ ಕೊನೆಯ ಸಲ ಕೂತು ಎದ್ದು, ಬೈರಪ್ಪ ಅಕ್ಕನ ಮನೆಯ ಬಾಗಿಲು ಮುಟ್ಟಿದಾಗ ಬೆಳಗಿನ ಬಿಸಿಲು ಏರಿತ್ತು. ಕೆಳಗೆ ಭಾವನ ಹಳೆಯ ಗೋಡೌನು, ಮೇಲೆ ಮನೆ. ತಿಥಿಯ ನಂತರ ಅವನು ಇತ್ತ ತಲೆ ಹಾಕಿರಲಿಲ್ಲ. ಕರೆಯದೆ ಮೆಟ್ಟಿಲು ಹತ್ತಲು ಮನಸ್ಸಾಗಲಿಲ್ಲ. ಕೆಳಗಿನ ಮೆಟ್ಟಿಲ ಮೇಲೆ ಕೂತ. ಮೇಲಿನಿಂದ ಅಕ್ಕ ನೋಡಿದಳು. ಒಳಗೆ ಹೋದಳು. ಅವನು ಸುಧಾರಿಸಿಕೊಂಡು ಎದ್ದು ಹೋದ.

ಮಾರನೇ ದಿನವೂ ಬಂದ, ಅದರ ಮಾರನೇ ದಿನವೂ. ಸ್ವರೂಪ ಒಮ್ಮೆ ಬೈಕು ತೆಗೆಯುವಾಗ ಕಂಡು "ಏನ್ ಮಾವ ಇಲ್ಲಿ?" ಎಂದ. "ಸುಮ್ನೆ ಕಣಪ್ಪ" ಎಂದಿದ್ದಕ್ಕೆ ಮತ್ತೇನೂ ಕೇಳದೆ ಹೊರಟುಹೋದ.

ನಾಲ್ಕಾರು ದಿನ ಹೀಗೇ ನಡೆದ ಮೇಲೆ ಮುನಿಯಮ್ಮ ಒಂದು ಚೊಂಬು ನೀರು ತೆಗೆದುಕೊಂಡು ಮೆಟ್ಟಿಲಿಳಿದು ಬಂದಳು. ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿಯಬೇಕಾಗಿದ್ದರಿಂದ ಚೊಂಬನ್ನು ಕಂಕುಳಲ್ಲಿ ಒತ್ತಿಕೊಂಡಿದ್ದಳು. ಅಷ್ಟರಲ್ಲಿ ಅರ್ಧ ನೀರು ಸೀರೆಗೆ ಚೆಲ್ಲಿತ್ತು. ಗಂಡ ಹೋದ ಮೇಲೆ ಅವಳು ಆ ಮೆಟ್ಟಿಲು ಇಳಿದದ್ದೇ ಅಪರೂಪ.

"ಹುಚ್ಚನ ಥರ ಬಂದು ಕೂತ್ಕಂಡು ಹೋಯ್ತೀಯ. ಸ್ಕೂಟರ್ ಏನಾಯ್ತು?"

"ಡಾಕ್ಟ್ರು ನಡೀ ಅಂದವ್ರೆ ಅಕ್ಕ."

"ಏನಾಗೈತೆ ನಿಂಗೆ?"

ಬೈರಪ್ಪ ನೀರು ಕುಡಿದು ಚೊಂಬು ಪಕ್ಕಕ್ಕಿಟ್ಟ. ಬಿಂದುವಿನ ಮುಂದೆ ಅಷ್ಟು ದಿನ ನೋವನ್ನು ಬಾಯಿಬಿಟ್ಟು ಹೇಳಿ ಹೇಳಿ ಅವನ ನಾಲಿಗೆ ಪಳಗಿತ್ತು. ಎಲ್ಲ ಹೇಳಿದ. ಹೂವಿನಂಗಡಿ ಮುಂದೆ ನಿಲ್ಲುತ್ತಿದ್ದದ್ದು, ಅವತ್ತು ಚಟ್ಟ ವಾಲಿದ್ದು, ಶಟರಿಗೆ ಒರಗಿ ನಿಂತದ್ದು, ಆಟೋ ಹತ್ತಿ ಬಂದದ್ದು.

ಮುನಿಯಮ್ಮ ಅವನ ಪಕ್ಕ ಮೆಟ್ಟಿಲ ಮೇಲೆ ಕೂತಳು. "ಅವತ್ತೇ ಯಾಕೆ ಬಾಯ್ಬಿಡ್ಲಿಲ್ಲ?"

"ಭಾವನ್ನ ಹೊತ್ಕಂಡು ಹೋಗೋವಾಗ ನನ್ ಕಾಲು ನೋಯ್ತದೆ ಅಂತ ಯಾವ ಬಾಯಲ್ಲಿ ಹೇಳ್ಲಿ ಅಕ್ಕ?"

ಎದುರಿನ ಮನೆಯವರು ಬಾಗಿಲಿಗೆ ನೀರು ಹಾಕಿ ಒಳಗೆ ಹೋದರು. ಆಮೇಲೆ ಅವಳು ತಿರುಗಿ, ಮೆಟ್ಟಿಲು ಅರ್ಧಕ್ಕೆ ತಿರುಗುವಲ್ಲಿ ಇದ್ದ ಸಣ್ಣ ಕಿಟಕಿಯ ಕಡೆ ನೋಡಿದಳು.

"ಅವರೂ ಅಲ್ಲಿ ನಿಲ್ತಿದ್ರು" ಎಂದಳು.

"ಯಾರು?"

"ನಿಮ್ ಭಾವ. ಒಂದು ವರ್ಸದಿಂದ. ಕೆಳಗಿಂದ ಬರ್ತಾ ಆ ಕಿಟಕಿ ಹತ್ರ ನಿಂತ್ಕಂಡು ಬೀದಿ ನೋಡ್ತಿದ್ರು. ನಾನು ಕಾಫಿ ಆರೋಗ್ತದೆ, ಅದೇನ್ ನೋಡ್ತೀರಿ ದಿನಾ ಅದೇ ಬೀದಿಯ ಅಂತ ಮೇಲಿಂದ ಕೂಗ್ತಿದ್ದೆ. ಬಂದೆ ಬಂದೆ ಅನ್ನೋರು. ಎದೆ ಹಿಡ್ಕಂಡು ನಿಲ್ತಿದ್ರೇನೋ ಬೈರ. ನಂಗೆ ಗೊತ್ತಾಗ್ಲಿಲ್ವಲ್ಲೋ."

ಬೈರಪ್ಪನಿಗೂ ಒಂದು ನೆನಪಾಯಿತು. ಕಳೆದ ಬೇಸಿಗೆಯಲ್ಲಿ ಭಾವನ ಜೊತೆ ಹಗ್ಗ ತರಲು ಮಾರ್ಕೆಟ್ಟಿಗೆ ಹೋಗಿದ್ದ. ಏರುದಾರಿಯಲ್ಲಿ ಅವನ ಕಾಲು ಹಿಡಿದುಕೊಂಡಿತ್ತು. ಅದೇ ಹೊತ್ತಿಗೆ ಭಾವ ನಿಂತು ಸಿಗರೇಟು ಪ್ಯಾಕು ತೆಗೆದು ಅವನಿಗೂ ಒಂದು ಕೊಟ್ಟಿದ್ದರು. ಸದ್ಯ, ಅವರೇ ನಿಂತರಲ್ಲ ಎಂದು ಅವನು ಒಳಗೊಳಗೇ ಹಿಗ್ಗಿದ್ದ. ಅವರೂ ಅದನ್ನೇ ಅಂದುಕೊಂಡಿರಬಹುದು. ಅಕ್ಕಪಕ್ಕ ನಿಂತು ಇಬ್ಬರೂ ಹೊಗೆ ಬಿಡುತ್ತ, ಮಾರ್ಕೆಟ್ಟು ಎಷ್ಟು ಬದಲಾಯಿತು ಎಂದು ಮಾತಾಡಿದ್ದರು. ಅದನ್ನು ಅಕ್ಕನಿಗೆ ಹೇಳಿದ.

"ಅವರ ಎದೇಲೂ ಇದೇ ಆಗಿದ್ದು ಅಂತ ಕಾಣ್ತದೆ ಅಕ್ಕ. ಡಾಕ್ಟ್ರು ಹೇಳ್ತಾರೆ, ಕಾಲಲ್ಲಿ ಕಟ್ಟಿದ್ರೆ ಎದೇಲೂ ಕಟ್ಟಿರಬೋದು ಅಂತ. ನಂದೂ ನೋಡವ್ರೆ. ಒಬ್ರು ಬಾಯ್ಬಿಟ್ಟಿದ್ರೆ ಇನ್ನೊಬ್ರೂ ಬಿಡ್ತಿದ್ವೋ ಏನೋ."

ಮುನಿಯಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. ತಮ್ಮನ ಭುಜದ ಮೇಲೆ ಕೈಯಿಟ್ಟುಕೊಂಡು, ಅದರ ಆಸರೆಯಲ್ಲೇ ಎದ್ದು, "ಮೇಲಕ್ಕೆ ಬಾ. ಕಾಫಿ ಕುಡ್ದು ಹೋಗು" ಎಂದಳು.

ಇಬ್ಬರೂ ಹತ್ತಿದರು. ಅವನಿಗಿಂತ ಮೊದಲು ಅವಳೇ ಏದುಸಿರು ಬಿಟ್ಟಳು. ಎದೆ ನೋಯ್ತದಾ ಎಂದು ಅವನು ಹೆದರಿ ಕೇಳಿದ. ನೋವಿಲ್ಲ, ತೊಡೆಯಲ್ಲಿ ಶಕ್ತಿಯೇ ಇಲ್ಲ ಎಂದಳು. ಆರೇಳು ತಿಂಗಳು ಒಂದು ಮೂಲೆ ಹಿಡಿದು ಕೂತವಳ ಕಾಲು ಏನಾಗಿರುತ್ತದೆಂದು ಬೈರಪ್ಪನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಸಂಜೆ ಸ್ವರೂಪ ಕೆಲಸದಿಂದ ಬಂದಾಗ ಮುನಿಯಮ್ಮ ಅವನನ್ನು ಎದುರು ಕೂರಿಸಿಕೊಂಡು ಎಲ್ಲ ಹೇಳಿದಳಂತೆ. ಅವನು ಅವತ್ತೇ ಹನುಮಂತನಗರಕ್ಕೆ ಬಂದ. ಬಾಗಿಲಲ್ಲಿ ನಿಂತು, "ಮಾವ, ನಾನು ಏನೇನೋ ಅಂದ್ಕೊಂಡಿದ್ದೆ" ಎಂದ.

"ನಿನ್ ಜಾಗದಲ್ಲಿದ್ರೆ ನಾನೂ ಅಂದ್ಕತಿದ್ದೆ, ಬಾ ಕೂತ್ಕೋ" ಎಂದ ಬೈರಪ್ಪ. "ನೀನು ಸಿಗರೇಟ್ ಸೇದ್ತೀಯೋ ಇಲ್ವೋ ಅದನ್ನ ಮೊದಲು ಹೇಳು."

ಸ್ವರೂಪ ತಲೆ ತಗ್ಗಿಸಿದ. ಹೊಂಬಾಳಮ್ಮ ಒಳಗಿನಿಂದ ಅನ್ನ, ಬಸ್ಸಾರು ತಂದಿಟ್ಟಳು. ಊಟ ಮಾಡುತ್ತ ಬೈರಪ್ಪ ಅವನಿಗೆ ಡಾಕ್ಟರ ಹೆಸರು ಹೇಳಿ, ಆ ವಾರವೇ ಹೋಗಿ ತೋರಿಸಿಕೊಳ್ಳಬೇಕೆಂದು ಮಾತು ತೆಗೆದುಕೊಂಡ. ಹುಡುಗ ಹೋದ. ಹೃದಯ ಚೆನ್ನಾಗಿತ್ತು, ರಕ್ತದಲ್ಲಿ ಕೊಬ್ಬು ಮಾತ್ರ ವಯಸ್ಸಿಗೆ ಮೀರಿತ್ತು. ಮಾತ್ರೆ ಶುರುವಾಯಿತು. ಸಿಗರೇಟು ಬಿಟ್ಟೆ ಎಂದು ಹೇಳುತ್ತಾನೆ. ಬೈರಪ್ಪ ಅವನನ್ನು ಹತ್ತಿರ ಕರೆದು ಅಂಗಿ ಮೂಸುತ್ತಾನೆ.

ಬೈರಪ್ಪನ ಕಾಲು ಮೊದಲಿನ ಹಾಗೆ ಆಗಲಿಲ್ಲ, ಆಗುವುದೂ ಇಲ್ಲ. ಶ್ರೀಹರಿ ಮತ್ತೆ ಹರಡಿಗೆ ಪಟ್ಟಿ ಸುತ್ತಿ ನೋಡಿದಾಗ ಒತ್ತಡ ಹೆಚ್ಚುಕಮ್ಮಿ ಅಷ್ಟೇ ಇತ್ತು. ಬೈರಪ್ಪನ ಮುಖ ಬಾಡಿದ್ದು ಕಂಡು ಬಿಂದು ಅವನನ್ನು ಟ್ರೆಡ್‌ಮಿಲ್ ಹತ್ತಿಸಿದಳು. ಮೊದಲ ದಿನ ನಡೆದದ್ದರ ಎರಡರಷ್ಟು ದೂರ ದಾಟಿದ ಮೇಲೆ ಅವನು "ಈಗ ಬಂತು ಕಣಮ್ಮ" ಎಂದ. "ನಾಳ ಅದೇ, ಕಾಲು ಬೇರೆ ಅಂಕಲ್" ಎಂದಳು ಅವಳು. ಅವನು ಅದನ್ನು ಮನೆಗೆ ಬಂದು ಹೆಂಡತಿಗೂ ಹೇಳಿದ, ಅಂಗಡಿಯ ಕೆಲಸದವರಿಗೂ ಹೇಳಿದ.

ಈಗ ಅವನು ಬೆಳಗ್ಗೆ ನಡೆದು ಅಕ್ಕನ ಮನೆಗೆ ಹೋಗುತ್ತಾನೆ. ದಾರಿಯಲ್ಲಿ ಕೂರಲೇಬೇಕಾಗುತ್ತದೆ, ಕೂರುತ್ತಾನೆ. ಯಾರಾದರೂ ಏನಾಯ್ತು ಎಂದರೆ, ಕಾಲಿಗೆ ರಕ್ತ ಸಾಲದು, ಒಸಿ ತಡೀರಿ ಎಂದು ನೇರವಾಗಿ ಹೇಳುತ್ತಾನೆ. ಅಕ್ಕನಿಗೆ ಮೊದಮೊದಲು ಮೆಟ್ಟಿಲು ಇಳಿದು ಹತ್ತುವುದಷ್ಟೇ ಕೆಲಸ. ನಂತರ ಬೀದಿಯ ಕೊನೆಯ ಗಣೇಶನ ಗುಡಿ. ಈಚೆಗೆ ಮಕ್ಕಳ ಕೂಟದ ಪಾರ್ಕಿನವರೆಗೂ ಬರುತ್ತಾಳೆ. ಒಬ್ಬರಿಗೆ ಕಾಲು ಹಿಡಿದರೆ ಇನ್ನೊಬ್ಬರಿಗೆ ಉಸಿರು ಹಿಡಿಯುತ್ತದೆ. ಹಾಗಾಗಿ ಇಬ್ಬರಿಗೂ ಅವಸರವಿಲ್ಲ.

ಮೊನ್ನೆ ಪಾರ್ಕಿನ ಬೆಂಚಿನ ಮೇಲೆ ಕೂತಿದ್ದಾಗ ಮುನಿಯಮ್ಮ ಗಂಡನ ಮಾತು ತೆಗೆದಳು. ಅಳಲಿಲ್ಲ. ಹೊಸದರಲ್ಲಿ ಅವರು ತನ್ನನ್ನು ಇದೇ ರಸ್ತೆಯಲ್ಲಿ ಸಿನಿಮಾಕ್ಕೆ ಕರೆದುಕೊಂಡು ಹೋಗುವಾಗ ಎಷ್ಟು ಜೋರಾಗಿ ನಡೆಯುತ್ತಿದ್ದರೆಂದರೆ, ತಾನು ಹಿಂದೆ ಓಡಿ ಓಡಿ ಒಂದು ಸಲ ಚಪ್ಪಲಿ ಕಿತ್ತುಹೋಯಿತು ಎಂದು ಹೇಳಿ ನಕ್ಕಳು. ಬೈರಪ್ಪನೂ ನಕ್ಕ. ಅವನಿಗೂ ಆ ನಡಿಗೆ ಗೊತ್ತಿತ್ತು, ಅವನೂ ಅದರ ಹಿಂದೆ ಓಡಿ ಬೆಳೆದವನೇ.

ಬಿಸಿಲು ಬೆಂಚಿನವರೆಗೂ ಬಂತು. ಅಕ್ಕ ಮೊದಲು ಎದ್ದು, ಸೆರಗು ಕೊಡವಿ, ಗೇಟಿನ ಕಡೆ ನಡೆದಳು. ಬೈರಪ್ಪ ಚಪ್ಪಲಿ ಮೆಟ್ಟಿಕೊಂಡು ಹಿಂದೆ ಹೊರಟ.